ಎಡತುದಿಯ ಜಾಗ

ಪ್ಲಾಟ್ ವ್ಯಾಲಿ ಕಾಲೇಜು
ಸೆಪ್ಟೆಂಬರ್ ೬, ೧೯೮೩

ಪ್ರೀತಿಯ ಅಪ್ಪ, ಅಮ್ಮ,

ಫುಟ್‌ಬಾಲ್ ತಂಡದ ಸಾಲಿನ ಎಡತುದಿ ಈ ವರ್ಷ ನನ್ನದು. ಅಪ್ಪನಿಗೆ ಇಷ್ಟು ಹೇಳಿದರೆ ಸಾಕು. ಅಮ್ಮ ಪ್ರತಿ ಸಲ ಕೇಳಿ ಪ್ರತಿ ಸಲ ಮರೆಯುವುದರಿಂದ ಅವಳಿಗಾಗಿ ಇನ್ನೊಮ್ಮೆ ಬರೆಯುತ್ತೇನೆ. ಚೆಂಡು ಎಸೆಯುವವನು ನಮ್ಮ ಕ್ವಾರ್ಟರ್‌ಬ್ಯಾಕ್ ಡ್ಯಾರಿಲ್. ಅವನ ಮುಂದೆ ಗೋಡೆಯಂತೆ ನಿಲ್ಲುವ ಐವರು ನಾವು. ಎಸೆಯಲು ತಿರುಗಿದಾಗ ಅವನ ಬೆನ್ನು ಎಡಕ್ಕಿರುತ್ತದೆ, ಆ ಕಡೆಯಿಂದ ನುಗ್ಗಿ ಬರುವವನು ಅವನಿಗೆ ಕಾಣುವುದಿಲ್ಲ. ಆ ನುಗ್ಗುವವನನ್ನು ತಡೆಯುವುದು ನನ್ನ ಕೆಲಸ. ಚೆಂಡು ನನ್ನ ಕೈಗೆ ಯಾವತ್ತೂ ಬರುವುದಿಲ್ಲ. ಅದಕ್ಕಾಗಿ ಬೇಸರ ಮಾಡಿಕೊಳ್ಳಬೇಡ.

ಬೇಸರದ ಸಂಗತಿ ಬೇರೆ ಇದೆ. ಹೊಸ ಕೋಚ್ ಗ್ರೈಮ್ಸ್ ಐವರನ್ನೇ ನಂಬಿ ಆಡಿಸುವವರಲ್ಲ. ಎಂಟು ಜನರನ್ನು ಸರದಿಯ ಮೇಲೆ ಒಳಗೆ ಹೊರಗೆ ಮಾಡುತ್ತಾರೆ. ಎರಡು ಸರದಿ ನಾನು ಆಡಿದರೆ ಮೂರನೆಯದಕ್ಕೆ ಆಲ್ಟನ್ ಪ್ರೂಯಿಟ್. ಅವನು ಓಕ್ಲಹೋಮಾದವನು, ನನ್ನ ಕೋಣೆಯಲ್ಲೇ ಇರುತ್ತಾನೆ. ಒಳ್ಳೆಯ ಹುಡುಗ, ಆದರೆ ನನ್ನ ಜಾಗದಲ್ಲಿ ಅವನು ಬಗ್ಗಿ ನಿಂತಿರುವುದನ್ನು ಬೆಂಚಿನಿಂದ ನೋಡುವಾಗ ಅವನ ತಪ್ಪುಗಳನ್ನೇ ಎಣಿಸುತ್ತಾ ಕೂರುತ್ತೇನೆ.

"ಕೊನೇ ಹದಿನೈದು ನಿಮಿಷದಲ್ಲಿ ನಿಮ್ ಕಾಲು ನಿಮ್ ಮಾತು ಕೇಳ್ಬೇಕು ಕಣ್ರಯ್ಯ, ಅದಕ್ಕೇ ಈ ಸರದಿ," ಎನ್ನುತ್ತಾರೆ ಗ್ರೈಮ್ಸ್. ನನ್ನ ಕಾಲು ನನ್ನ ಮಾತನ್ನು ಚೆನ್ನಾಗಿಯೇ ಕೇಳುತ್ತದೆ. ಪಕ್ಕದಲ್ಲಿ ನಿಲ್ಲುವ ಕೆಪ್ಕೆ ಉಸಿರೆಳೆದರೆ ಅವನು ಯಾವ ಕಡೆ ಹೊರಳುತ್ತಾನೆಂದು ನನಗೆ ಗೊತ್ತು. ಇದು ಒಂದು ಬೇಸಿಗೆಯಲ್ಲಿ ಕಲಿತದ್ದಲ್ಲ. ಅಪ್ಪ, ನೀನೇನು ಹೇಳುತ್ತೀಯ?

ನಿಮ್ಮ ರೋಲಂಡ್


ಪ್ರೇಗ್ ಕ್ರೀಕ್, ನೆಬ್ರಾಸ್ಕಾ
ಸೆಪ್ಟೆಂಬರ್ ೧೪

ರೋಲಂಡ್,

ರೈಲು ಅಂಗಳದಲ್ಲಿ ಎಲ್ಲರಿಗೂ ಸುದ್ದಿ ಮುಟ್ಟಿಸಿದೆ. ನಮ್ಮ ಪಾಳಿಯ ಕುಬಿಕ್ ಸುಮ್ಮನಿರಬೇಕಲ್ಲ, "ಅರ್ಧ ಆಟ ಆಡೋನಿಗೆ ಅರ್ಧ ಅಭಿನಂದನೆ ಹೇಳ್ಬಿಡು ಎಮಿಲ್" ಎಂದ. ನಗಲಿಲ್ಲ ನಾನು.

ನಾನು ಆಡುವ ಕಾಲದಲ್ಲಿ ಹೊರಗೆ ಬರಬೇಕಾದರೆ ಹೊತ್ತುಕೊಂಡೇ ಬರಬೇಕಿತ್ತು. ಐದು ಜನ ಒಟ್ಟಿಗೆ ನಿಂತು ನಿಂತು ಒಂದೇ ಮೈ ಆಗುತ್ತಾರೆ. ಅದರಲ್ಲಿ ಒಂದು ಅಂಗ ಕಿತ್ತು ಇನ್ನೊಂದು ಜೋಡಿಸಿ ಓಡು ಎಂದರೆ ಓಡುತ್ತದೆಯೆ? ನಿನ್ನ ಕೋಚ್ ಪುಸ್ತಕ ಓದಿ ಬಂದವರಿರಬೇಕು. ಅವರೊಡನೆ ವಾದ ಮಾಡಬೇಡ. ಜಾಗ ಬಿಡಿಸಲು ಅವರಿಗೆ ಕಾರಣ ಕೊಡಬೇಡ, ಅಷ್ಟೆ. ದಣಿವು ಮುಖದಲ್ಲಿ ಕಾಣಿಸಬಾರದು. ನೋವೂ ಅಷ್ಟೆ.

ಅಮ್ಮ ಕೊಲಾಚೆ ಬನ್ನು ಮಾಡಿ ಕಳಿಸುತ್ತಿದ್ದಾಳೆ. ಗಸಗಸೆ ತುಂಬಿದ್ದು ನಿನಗೆ, ಏಪ್ರಿಕಾಟ್ ತುಂಬಿದ್ದು ಕೋಣೆಯವನಿಗಂತೆ.

ಅಪ್ಪ


ಅಕ್ಟೋಬರ್ ೩

ಅಮ್ಮ,

ಈ ಪತ್ರವನ್ನು ಮನೆಗೆ ಹಾಕದೆ ನಿನ್ನ ಶಾಲೆಯ ಅಡುಗೆಮನೆಗೆ ಹಾಕಿದ್ದೇನೆ. ಯಾಕೆಂದು ಓದಿದ ಮೇಲೆ ತಿಳಿಯುತ್ತದೆ. ಅಪ್ಪನಿಗೆ ಹೇಳಬೇಡ.

ಹೋದ ಶನಿವಾರದ ಆಟದಲ್ಲಿ ತಲೆ ತಗ್ಗಿಸಿ ಒಬ್ಬನಿಗೆ ಗುದ್ದಿದಾಗ ಕುತ್ತಿಗೆಯಿಂದ ಎಡಗೈ ಬೆರಳಿನ ತುದಿಯವರೆಗೆ ಬೆಂಕಿ ಹರಿದಂತಾಯಿತು. ಆಮೇಲೆ ಕೈ ಇದ್ದೂ ಇಲ್ಲದಂತೆ ಜೋತಾಡಿತು. ಸ್ವಲ್ಪ ಹೊತ್ತಿಗೆ ಸರಿಹೋಯಿತು. ಸಾಲಿನಲ್ಲಿ ನಿಲ್ಲುವವರಿಗೆಲ್ಲ ಇದು ಆಗುತ್ತದೆ, ದೊಡ್ಡ ವಿಷಯವಲ್ಲ. ಆದರೆ ನನಗೆ ಇದು ಮೊದಲನೆಯ ಸಲವಲ್ಲ. ಮೊದಲು ಬೇಗ ಹೋಗುತ್ತಿತ್ತು, ಈಗ ಹೋಗಲು ಹೊತ್ತು ಹಿಡಿಯುತ್ತಿದೆ.

ವೈದ್ಯರಿಗೆ ತೋರಿಸಿದರೆ ಕೋಚ್‌ಗೆ ತಿಳಿಯುತ್ತದೆ. ಕೋಚ್‌ಗೆ ತಿಳಿದರೆ ಸರದಿಯೂ ಉಳಿಯುವುದಿಲ್ಲ, ಜಾಗ ಪೂರ್ತಿ ಆಲ್ಟನ್‌ಗೆ ಹೋಗುತ್ತದೆ. ಯಾರಿಗಾದರೂ ಹೇಳದೆ ಇರಲಾಗಲಿಲ್ಲ, ಅದಕ್ಕೇ ನಿನಗೆ ಹೇಳಿದೆ.

ರೋಲಂಡ್


ಅಕ್ಟೋಬರ್ ೭

ಮಗು,

ಇವತ್ತು ಮಕ್ಕಳಿಗೆ ಚಿಲ್ಲಿ ಸಾರಿನ ಜೊತೆ ದಾಲ್ಚಿನ್ನಿ ರೋಲ್ ಮಾಡುವ ದಿನ. ಹಿಟ್ಟು ನಾದುತ್ತಾ ನಿಂತಾಗ ನಿನ್ನ ಪತ್ರ ಬಂತು. ಕೈಯಲ್ಲಿ ಹಿಟ್ಟಿದ್ದುದರಿಂದ ಜೊತೆಗೆ ಅಡುಗೆ ಮಾಡುವ ಬರ್ನೀಸ್ ಒಡೆದು ಓದಲು ಹೊರಟಳು, ನಾನು ಬಿಡಲಿಲ್ಲ. ಓದಿ ಮುಗಿಸುವಷ್ಟರಲ್ಲಿ ಒಂದು ತಟ್ಟೆ ರೋಲ್ ಕರಿಯಾಯಿತು.

ರೋಲಂಡ್, ವೈದ್ಯರ ಹತ್ತಿರ ಹೋಗು. ನನಗೆ ಆಟ ತಿಳಿಯದು, ಕೈ ತಿಳಿಯುತ್ತದೆ. ಇದ್ದೂ ಇಲ್ಲದಂತಾದ ಕೈ ಅಂದರೆ ಏನು? ಶನಿವಾರ ನಿಮ್ಮಪ್ಪ ರೇಡಿಯೋ ಹಾಕಿದಾಗ ನಾನು ಬಟ್ಟೆ ಮಡಿಸುವ ನೆಪದಲ್ಲಿ ಪಕ್ಕದಲ್ಲೇ ಇರುತ್ತೇನೆ. ಸಾಲಿನವರ ಹೆಸರನ್ನು ರೇಡಿಯೋದ ಆ ಮನುಷ್ಯ ಹೇಳುವುದೇ ಇಲ್ಲ. ತಪ್ಪು ಮಾಡಿದಾಗ ಇಲ್ಲವೇ ಬಿದ್ದು ಏಳದಿದ್ದಾಗ ಮಾತ್ರ ಹೇಳುತ್ತಾನೆ. ಆಟವಿಡೀ ನಿನ್ನ ಹೆಸರು ಬರದಿರಲಿ ಎಂದು ಕಾಯುತ್ತಾ ಕೂರುತ್ತೇನೆ. ನಿಮ್ಮಪ್ಪ, "ನೋಡು, ಇವನ ಹೆಸರೇ ಎತ್ತಲಿಲ್ಲ, ಅಂದ್ರೆ ಚೆನ್ನಾಗಿ ಆಡ್ದ" ಅನ್ನುತ್ತಾನೆ. ನಾನು ಅವನ ಮುಖ ನೋಡಿಕೊಂಡು ಇದನ್ನು ಹೇಗೆ ಬಚ್ಚಿಡಲಿ?

ಅಮ್ಮ


ಅಕ್ಟೋಬರ್ ೧೨

ಅಮ್ಮ,

ಯಾರಿಗೂ ಹೇಳಬೇಡ ಎಂದರೆ ಬೇಡ. ನೀನು ಹೇಳಿದೆ ಎಂದು ತಿಳಿದರೆ ಇನ್ನು ಮುಂದೆ ನಿನಗೆ ಏನನ್ನೂ ಬರೆಯುವುದಿಲ್ಲ. ಕೈ ಚೆನ್ನಾಗಿದೆ.

ರೋಲಂಡ್


ಪ್ರೇಗ್ ಕ್ರೀಕ್
ಅಕ್ಟೋಬರ್ ೨೪

ಆಲ್ಟನ್ ಪ್ರೂಯಿಟ್‌ಗೆ,

ನಾವು ಒಬ್ಬರನ್ನೊಬ್ಬರು ನೋಡಿಲ್ಲ. ಕೊಲಾಚೆ ಕಳಿಸಿದ್ದಕ್ಕೆ ನೀನು ಬರೆದ ಎರಡು ಸಾಲು ನನ್ನ ಬಳಿ ಇವೆ. ರೋಲಂಡ್‌ಗೆ ತಿಳಿಯದಂತೆ ಇದನ್ನು ಬರೆಯುತ್ತಿದ್ದೇನೆ, ಅದು ಸರಿಯೋ ತಪ್ಪೋ ನನಗೆ ಗೊತ್ತಿಲ್ಲ.

ಅವನ ಎಡಗೈ ವಿಷಯ ನಿನಗೆ ಗೊತ್ತಿರಬಹುದು. ಒಂದೇ ಕೋಣೆಯಲ್ಲಿದ್ದೀರಿ. ನೀನು ಕೋಚ್‌ಗೆ ಹೇಳು ಎಂದು ನಾನು ಕೇಳುವುದಿಲ್ಲ. ನಾನೇ ಹೇಳುವ ಧೈರ್ಯ ಮಾಡಿಲ್ಲ, ನಿನ್ನನ್ನು ಹೇಗೆ ಕೇಳಲಿ? ಕೇಳುವುದು ಇಷ್ಟೆ. ಅವನು ಆಡುವಾಗ ಅವನ ಕೈ ಕಡೆ ಒಂದು ಕಣ್ಣಿಡು. ಅವನ ಜಾಗ ನಿನಗೂ ಬೇಕೆಂದು ಗೊತ್ತು. ಹಾಗಿದ್ದೂ ನಿನ್ನನ್ನೇ ಕೇಳುತ್ತಿದ್ದೇನೆ, ಯಾಕೆಂದರೆ ಅವನನ್ನು ಅಷ್ಟು ಹತ್ತಿರದಿಂದ ನೋಡುವವರು ಬೇರೆ ಯಾರೂ ಇಲ್ಲ.

ಅಡೆಲಾ ಸ್ವೋಬೋದಾ


ಅಕ್ಟೋಬರ್ ೨೯

ಶ್ರೀಮತಿ ಸ್ವೋಬೋದಾ ಅವರಿಗೆ,

ನನಗೆ ಗೊತ್ತು. ಬೆಳಿಗ್ಗೆ ಅವನ ಅಂಗಿಯ ಗುಂಡಿ ಹಾಕುವುದು ನಾನೇ. ಹಾಕುವಾಗ ಅವನು ಹವಾಮಾನದ ಮಾತಾಡುತ್ತಾನೆ.

ಇಷ್ಟು ದಿನ ನಾವು ಹೇಗೋ ನಡೆಸಿಕೊಂಡು ಬಂದಿದ್ದೇವೆ. ಕೈ ಸತ್ತಂತಾದರೆ ಅವನು ಶಿರಸ್ತ್ರಾಣದ ಪಟ್ಟಿಯನ್ನು ಎರಡು ಸಲ ಎಳೆಯುತ್ತಾನೆ. ನಾನು ಕೋಚ್ ಹತ್ತಿರ ಹೋಗಿ, "ನನ್ನನ್ನ ಒಳಗೆ ಬಿಡಿ ಕೋಚ್, ಆಗಿಂದ ಕೂತಿದೀನಿ" ಎಂದು ಕಾಡುತ್ತೇನೆ. ಸರದಿ ಇರುವುದರಿಂದ ಅವರು ಬಿಡುತ್ತಾರೆ. ಒಂದು ಸುತ್ತು ಕೂತರೆ ಅವನ ಬೆರಳು ಮತ್ತೆ ಮಡಚುತ್ತವೆ. ಹುಡುಗರು ನನ್ನನ್ನು ಹಸಿದ ತೋಳ ಅನ್ನುತ್ತಾರೆ. ಕೆಪ್ಕೆ ಹೋದ ವಾರ, "ಏನೋ ಪ್ರೂಯಿಟ್, ಅವನ ಕುರ್ಚಿ ಬಿಸಿಯಾಗಿರುವಾಗ್ಲೇ ಕೂತ್ಕೋಬೇಕಾ?" ಎಂದ. ನಕ್ಕೆ.

ಕೋಚ್‌ಗೆ ನಿಜ ಹೇಳಬೇಕೆಂದು ದಿನವೂ ಅನ್ನಿಸುತ್ತದೆ. ಆದರೆ ನಾನು ಹೇಳಿದ ಕ್ಷಣ ಆ ಜಾಗ ನನ್ನದಾಗುತ್ತದೆ. ಆಗ ನಾನು ಅವನ ಒಳ್ಳೆಯದಕ್ಕೇ ಹೇಳಿದೆನೆಂದು ಅವನೂ ನಂಬುವುದಿಲ್ಲ, ನನಗೂ ಖಾತ್ರಿ ಇರುವುದಿಲ್ಲ. ನನ್ನನ್ನು ಬೆಳೆಸಿದ ಚಿಕ್ಕಮ್ಮ ಊರವರ ಕೂದಲು ತಿದ್ದುವವಳು, ಎಲ್ಲರ ಗುಟ್ಟೂ ಅವಳ ಕಿವಿಯಲ್ಲಿರುತ್ತದೆ. ಅವಳನ್ನು ಕೇಳಿದೆ. "ಮಾತು ಬಿಡು, ಅವನು ಬೀಳೋವಾಗ ನೀನು ಕೈಗೆಟುಕೋ ಹಾಗಿರು" ಎಂದಳು. ಹಾಗೇ ಇದ್ದೇನೆ. ಸರದಿ ಇರುವವರೆಗೆ ಭಯವಿಲ್ಲ.

ಆಲ್ಟನ್ ಪ್ರೂಯಿಟ್


ನವೆಂಬರ್ ೧೫

ಪ್ರೀತಿಯ ಅಪ್ಪ, ಅಮ್ಮ,

ಅಪ್ಪ, ನೀನು ಗೆದ್ದೆ. ಸರದಿ ನಿಂತಿತು.

ಶನಿವಾರ ಏನಾಯಿತೆಂದು ರೇಡಿಯೋದಲ್ಲಿ ಕೇಳಿರುತ್ತೀರಿ. ನಾನು ಹೊರಗಿದ್ದೆ, ಕೆಪ್ಕೆಯೂ ಹೊರಗಿದ್ದ. ಯಾರು ಯಾರನ್ನು ತಡೆಯಬೇಕೆಂಬ ಕೂಗು ನಮ್ಮ ಬದಲು ನಿಂತಿದ್ದ ಇಬ್ಬರಿಗೂ ಗದ್ದಲದಲ್ಲಿ ಕೇಳಿಸಲಿಲ್ಲ. ಇಬ್ಬರೂ ಒಬ್ಬನನ್ನೇ ತಡೆದರು, ಇನ್ನೊಬ್ಬ ಯಾರ ಅಡ್ಡಿಯೂ ಇಲ್ಲದೆ ಬಂದು ಡ್ಯಾರಿಲ್‌ನನ್ನು ಬೆನ್ನಿನಿಂದ ಅಪ್ಪಳಿಸಿದ. ಡ್ಯಾರಿಲ್‌ನ ಪಕ್ಕೆ ಕಪ್ಪಾಗಿದೆ. ಆ ಇಬ್ಬರಲ್ಲಿ ಆಲ್ಟನ್ ಒಬ್ಬ. ಪಂದ್ಯವೂ ಹೋಯಿತು. ಪತ್ರಿಕೆಯವರು, ಹಳೆಯ ವಿದ್ಯಾರ್ಥಿಗಳು, ಊರಿನ ಕ್ಷೌರದಂಗಡಿಯವರು, ಎಲ್ಲರೂ ಗ್ರೈಮ್ಸ್ ಮೇಲೆ ಬಿದ್ದರು.

ಸೋಮವಾರ ಅವರು ಬಂದು, "ಕೊನೇ ಪಂದ್ಯಕ್ಕೆ ಐದೇ ಜನ. ಮೊದಲಿಂದ ಕೊನೇವರೆಗೂ. ಉಸಿರಿದ್ರೆ ಆಡ್ತೀರಿ," ಎಂದರು. ಎಲ್ಲರೂ ಮೇಜು ಬಡಿದರು. ನಾನೂ ಬಡಿದೆ, ಬಲಗೈಯಿಂದ. ಆಲ್ಟನ್ ಬಡಿಯಲಿಲ್ಲ. ಅವನು ನನ್ನನ್ನೇ ನೋಡುತ್ತಿದ್ದ.

ಅಮ್ಮ, ಪಂದ್ಯ ನೋಡಲು ನೀನು ಬರುವುದು ಬೇಡ. ಚಳಿ ಜಾಸ್ತಿ.

ರೋಲಂಡ್


ನವೆಂಬರ್ ೨೦

ಶ್ರೀಮತಿ ಸ್ವೋಬೋದಾ ಅವರಿಗೆ,

ಇದನ್ನು ಓದುವ ಮೊದಲೇ ಅವನನ್ನು ವೈದ್ಯರ ಬಳಿ ಕರೆದೊಯ್ದಿದ್ದರೆ ಒಳ್ಳೆಯದು. ಇಲ್ಲದಿದ್ದರೆ ಇದನ್ನು ಕೆಳಗಿಟ್ಟು ಹೊರಡಿ. ಉಳಿದದ್ದನ್ನು ಆಮೇಲೆ ಓದಿ.

ನಿನ್ನೆ ಮಧ್ಯಂತರದ ಹೊತ್ತಿಗೇ ಅವನ ಕೈ ಹೋಗಿತ್ತು. ಪಟ್ಟಿ ಎಳೆಯಲಿಲ್ಲ, ಎಳೆದರೂ ಪ್ರಯೋಜನವಿಲ್ಲವೆಂದು ಅವನಿಗೂ ಗೊತ್ತಿತ್ತು. ಕೈ ಚಾಚಿ ತಡೆಯಲಾಗದೆ ತಲೆಯಿಂದಲೇ ಗುದ್ದತೊಡಗಿದ. ಪ್ರತಿ ಸಲ ಎದ್ದು ನಿಲ್ಲುವಾಗ ಯಾರೋ ಹಿಂದಿನಿಂದ ಕರೆದ ಹಾಗೆ ಸ್ವಲ್ಪ ತಡವರಿಸುತ್ತಿದ್ದ.

ಕೊನೆಯ ನಿಮಿಷಕ್ಕೆ ನಾವು ಎರಡು ಅಂಕ ಹಿಂದಿದ್ದೆವು, ಎದುರಾಳಿಯ ಗೋಲು ಗೆರೆ ಹತ್ತಿರವಿತ್ತು. ಚೆಂಡನ್ನು ಕಂಬಗಳ ನಡುವೆ ಒದ್ದರೂ ಸಾಕು, ಮೂರು ಅಂಕ ಸಿಕ್ಕಿ ಗೆಲ್ಲುತ್ತಿದ್ದೆವು. ಸಾಲು ಬಗ್ಗುವಾಗ ನಾನು ನೋಡಿದ್ದು ಇದು. ಅವನು ಬಲಗೈಯಿಂದ ಎಡಗೈ ಮಣಿಕಟ್ಟನ್ನು ಹಿಡಿದು ಎತ್ತಿ, ಒಂದು ವಸ್ತುವನ್ನು ಇಡುವ ಹಾಗೆ ನೆಲದ ಮೇಲಿಟ್ಟ. ಕೈ ಮಗುಚಿ ಬಿತ್ತು. ಮತ್ತೆ ಎತ್ತಿ ಇಟ್ಟ.

ಕೋಚ್ ತೋಳು ಹಿಡಿದೆ. "ನನ್ನನ್ನ ಒಳಗೆ ಬಿಡಿ," ಎಂದೆ.

"ಕೂತ್ಕೋ ಪ್ರೂಯಿಟ್. ಇವತ್ತು ಐದೇ ಜನ ಅಂತ ಹೇಳಿದೀನಲ್ಲ."

ಓಡಿದೆ. ಯಾಕೆ ಓಡಿದೆ ಎಂದು ಯೋಚಿಸಲು ಹೊತ್ತಿರಲಿಲ್ಲ. ಅವನ ಅಂಗಿ ಹಿಡಿದೆಳೆದು, "ಹೊರಗೆ ನಡಿ," ಎಂದೆ.

"ನೀನ್ಯಾಕೋ ಬಂದೆ? ಹೋಗೋ."

"ನಿನ್ ಕೈ ನೋಡ್ಕೋ."

"ಮೆಲ್ಲಗೆ ಮಾತಾಡು. ಕೆಪ್ಕೆಗೆ ಕೇಳ್ಸುತ್ತೆ."

"ಕೇಳ್ಸ್ಲಿ. ನಡಿ ರೋಲಂಡ್. ಕಾಲಿಗೆ ಬೇಕಾದ್ರೂ ಬೀಳ್ತೀನಿ, ನಡಿ."

ಅವನು ಹೋಗಲಿಲ್ಲ, ನಾನೂ ಬಿಡಲಿಲ್ಲ. ಅಷ್ಟರಲ್ಲಿ ಚೆಂಡು ಹಿಂದಕ್ಕೆ ಬಂದು ಆಟ ಶುರುವಾಯಿತು. ಹನ್ನೊಂದು ಜನ ಇರಬೇಕಾದಲ್ಲಿ ನಾವು ಹನ್ನೆರಡು ಜನ ನಿಂತಿದ್ದೆವು. ತೀರ್ಪುಗಾರರ ಹಳದಿ ಬಟ್ಟೆ ಬಿತ್ತು, ದಂಡ ಹಾಕಿ ನಮ್ಮನ್ನು ಹಿಂದಕ್ಕೆ ತಳ್ಳಿದರು. ಆ ಗಲಾಟೆಯಲ್ಲಿ ಒಬ್ಬ ಹೊರಗೆ ಹೋಗಲೇಬೇಕಾಯಿತು, ರೋಲಂಡ್‌ನನ್ನು ನಾನೇ ಮೈದಾನದ ಗೆರೆಯಾಚೆ ನೂಕಿದೆ. ಅಷ್ಟು ದೂರದಿಂದ ಒದ್ದ ಚೆಂಡು ಕಂಬದ ಹೊರಗೆ ಹೋಯಿತು, ಸೋತೆವು.

ಆಮೇಲಿನದ್ದು ಬರೆಯಲು ಇಷ್ಟವಿಲ್ಲ. ಕೋಚ್ ನನ್ನನ್ನು ತಂಡದಿಂದ ತೆಗೆದು, ಸಾಮಾನು ಒಪ್ಪಿಸಿ ಹೋಗೆಂದರು. ಯಾಕೆ ಓಡಿದೆ ಎಂದು ಎಲ್ಲರೆದುರು ಕೇಳಿದರು. ನಾನು ರೋಲಂಡ್ ಕಡೆ ನೋಡಿದೆ. ಅವನು ಬೂಟಿನ ದಾರ ಬಿಚ್ಚುತ್ತಿದ್ದ, ಒಂದೇ ಕೈಯಲ್ಲಿ. ತಲೆ ಎತ್ತಲಿಲ್ಲ. ನಾನೂ ಬಾಯಿ ಬಿಡಲಿಲ್ಲ. ಹೇಳಬೇಕಾದವನು ಅವನು.

ನಾಳೆ ಬಸ್ಸಿಗೆ ಊರಿಗೆ ಹೋಗುತ್ತಿದ್ದೇನೆ. ಕಾಯಬೇಡಿ, ಅವನನ್ನು ಕರೆದೊಯ್ಯಿರಿ.

ಆಲ್ಟನ್


ಪ್ರೇಗ್ ಕ್ರೀಕ್
ಡಿಸೆಂಬರ್ ೧೧

ಆಲ್ಟನ್ ಪ್ರೂಯಿಟ್,

ನಾನು ರೋಲಂಡ್‌ನ ತಂದೆ. ನನಗೆ ಪತ್ರ ಬರೆದು ಅಭ್ಯಾಸವಿಲ್ಲ.

ಆ ಶನಿವಾರ ರೇಡಿಯೋ ಮುಂದೆ ಕೂತು ನಿನ್ನನ್ನು ಬೈದೆ. ಏನೆಂದು ಬೈದೆ ಎಂದು ಬರೆಯಲಾರೆ. ಅಡೆಲಾ ಎದ್ದು ಬಂದು ರೇಡಿಯೋ ಆರಿಸಿದಳು. ಮದುವೆಯಾದಂದಿನಿಂದ ಅವಳು ಹಾಗೆ ಮಾಡಿರಲಿಲ್ಲ. "ಇನ್ನೊಂದು ಮಾತಾಡಿದ್ರೆ ಜೋಕೆ," ಎಂದಳು. ಆಮೇಲೆ ಎಲ್ಲವನ್ನೂ ಹೇಳಿದಳು. ನೋವು ಮುಖದಲ್ಲಿ ಕಾಣಬಾರದೆಂದು ಅವನಿಗೆ ಹೇಳಿಕೊಟ್ಟವನು ನಾನು. ಅದು ಅವಳಿಗೂ ಗೊತ್ತಿತ್ತು, ಆದರೆ ಅದೊಂದನ್ನು ಅವಳು ಹೇಳಲಿಲ್ಲ.

ಒಮಾಹಾದ ವೈದ್ಯರು ಎಕ್ಸ್‌ರೇ ಚಿತ್ರ ತೆಗೆದು ದೀಪಕ್ಕೆ ಹಿಡಿದು ತೋರಿಸಿದರು. ಕುತ್ತಿಗೆಯ ಮೂಳೆಯೊಂದು ಜಾರಿ ನರವನ್ನು ಒತ್ತುತ್ತಿದೆ. "ಇನ್ನೊಂದ್ ಸಲ ತಲೆ ತಗ್ಗಿಸಿ ಗುದ್ದಿದ್ರೆ, ಬಹುಶಃ ಆಮೇಲೆ ಇವನು ಎದ್ದು ನಿಲ್ತಿರ್ಲಿಲ್ಲ," ಎಂದರು. ಅಡೆಲಾ ಅವನ ಕೋಟಿನ ತೋಳು ಹಿಡಿದುಕೊಂಡಳು. ನಾನು ಕಿಟಕಿಯಾಚೆ ನಿಲ್ಲಿಸಿದ್ದ ಕಾರುಗಳನ್ನು ನೋಡುತ್ತಾ ನಿಂತೆ. ಆ ಇನ್ನೊಂದು ಗುದ್ದನ್ನು ನೀನು ತಪ್ಪಿಸಿದೆ.

ಶಸ್ತ್ರಚಿಕಿತ್ಸೆ ಆಯಿತು. ಕೈ ಎಷ್ಟು ಮರಳುತ್ತದೋ ತಿಳಿಯದು. ಮಂಜುಗಡ್ಡೆಯ ಮೇಲೆ ಜಾರಿ ಬಿದ್ದೆನೆಂದು ಅವನು ಕಾಲೇಜಿಗೆ ಹೇಳಿಕಳಿಸಿದ್ದಾನೆ. ಕೇಳಿ ನನಗೆ ನಾಚಿಕೆಯಾಯಿತು. ನಾನೇ ಫೋನ್ ಎತ್ತಿಕೊಂಡೆ. ಅಡೆಲಾ ನನ್ನ ಕೈಯಿಂದ ತೆಗೆದು ಇಟ್ಟಳು. "ಅವ್ನೇ ಹೇಳ್ಬೇಕು. ನಾವ್ ಹೇಳಿದ್ರೆ ಅವ್ನು ಯಾವತ್ತೂ ಹೇಳಲ್ಲ," ಎಂದಳು. ಅವನು ಹೇಳದೇ ಹೋದರೆ ಎಂಬ ಭಯ ನಮಗಿಬ್ಬರಿಗೂ ಇದೆ. ಊಟದ ಮೇಜಿನಲ್ಲಿ ಮೂವರೂ ಉಪ್ಪು, ಬ್ರೆಡ್ಡು ಎಂದಷ್ಟೇ ಮಾತಾಡುತ್ತೇವೆ.

ನಿನ್ನ ಚಿಕ್ಕಮ್ಮನಿಗೆ ನನ್ನ ನಮಸ್ಕಾರ ತಿಳಿಸು.

ಎಮಿಲ್ ಸ್ವೋಬೋದಾ


ಪ್ರೇಗ್ ಕ್ರೀಕ್
ಮಾರ್ಚ್ ೪, ೧೯೮೪

ಆಲ್ಟನ್,

ಈ ಪತ್ರವನ್ನು ಬಹಳ ಸಲ ಶುರುಮಾಡಿದ್ದೇನೆ.

ಗುರುವಾರ ಅಪ್ಪ ನನ್ನನ್ನು ಕಾಲೇಜಿಗೆ ಕರೆದುಕೊಂಡು ಹೋದ. ಸಭೆಯ ಕೋಣೆಯ ಬಾಗಿಲವರೆಗೆ ಬಂದು, "ಒಳಗೆ ಬರ್ಲೇನೋ?" ಎಂದ. ಬೇಡ ಎಂದೆ. ಸಾಲಿನವರೆಲ್ಲ ಇದ್ದರು, ಗ್ರೈಮ್ಸ್ ಇದ್ದರು. ನನ್ನ ಕುತ್ತಿಗೆಗೆ ಕಟ್ಟಿದ್ದ ಆಸರೆ ಪಟ್ಟಿ ನೋಡಿ ಕೆಪ್ಕೆ, "ಮಂಜಿನ ಮೇಲೆ ಡ್ಯಾನ್ಸ್ ಮಾಡೋಕ್ ಹೋಗಿದ್ಯಾ?" ಎಂದು ನಗಿಸಿದ. ಆ ನಗುವಿನೊಳಗೆ ಸೇರಿಕೊಂಡು ಹೊರಗೆ ಬಂದುಬಿಡಬಹುದಿತ್ತು. ಬಾಗಿಲ ಗಾಜಿನಾಚೆ ಅಪ್ಪನ ಟೋಪಿ ಕಾಣುತ್ತಿತ್ತು.

ಹೇಳಿದೆ. ಸೆಪ್ಟೆಂಬರಿನಿಂದ ಆದದ್ದು, ಶಿರಸ್ತ್ರಾಣದ ಪಟ್ಟಿ ಎಳೆಯುತ್ತಿದ್ದದ್ದು, ನೀನು ನನಗಾಗಿ ದುರಾಸೆಯವನಂತೆ ನಟಿಸಿದ್ದು, ಬೂಟಿನ ದಾರ ಬಿಚ್ಚುತ್ತಾ ತಲೆ ಎತ್ತದೆ ಕೂತದ್ದು. ಯಾರೂ ಬೈಯಲಿಲ್ಲ. ಬೈದಿದ್ದರೆ ಸುಲಭವಾಗುತ್ತಿತ್ತು. ಕೆಪ್ಕೆ ಮಾತ್ರ, "ನಾನು ಅವನ ಚೀಲ ಬಾಗಿಲಾಚೆ ಎಸೆದೆ ಕಣೋ," ಎಂದು ಗೋಡೆ ಕಡೆ ತಿರುಗಿ ನಿಂತ. ಗ್ರೈಮ್ಸ್, "ಸರದಿ ಬೇಕೋ ಬೇಡ್ವೋ ಅಂತ ಊರೆಲ್ಲ ನನ್ನ ಕೇಳ್ತು. ಒಬ್ಬ ಹುಡುಗ ನನ್ನ ತೋಳು ಹಿಡ್ಕೊಂಡು ಕೇಳ್ದಾಗ ನಾನು ಕೂತ್ಕೋ ಅಂದೆ," ಎಂದರು. ನಿನ್ನ ಹೆಸರನ್ನು ಮತ್ತೆ ತಂಡಕ್ಕೆ ಸೇರಿಸಿದ್ದಾರೆ. ನೀನು ಬರುತ್ತೀಯೋ ಇಲ್ಲವೋ ಅವರಿಗೆ ಗೊತ್ತಿಲ್ಲ. ಬಾ ಎಂದು ನಿನಗೆ ಯಾರು ಹೇಳುತ್ತೀರಿ ಎಂದು ಕೇಳಿದರು. ನಾನು ಬರೆಯುತ್ತೇನೆ ಎಂದೆ.

ಇನ್ನೊಂದನ್ನು ಆ ಕೋಣೆಯಲ್ಲಿ ಹೇಳಲಿಲ್ಲ, ಅಪ್ಪ ಅಮ್ಮನಿಗೂ ಹೇಳಿಲ್ಲ. ಅವತ್ತು ನೀನು ಬೆಂಚಿನಿಂದ ಓಡಿ ಬರುವುದನ್ನು ನೋಡಿದಾಗ ಮೊದಲು ಬಂದದ್ದು ಕೋಪವಲ್ಲ. ಸದ್ಯ, ಬಂದ ಎನ್ನಿಸಿತು. ಆಗ ನನಗೆ ಕಾಲುಗಳೂ ಸರಿಯಾಗಿ ತಿಳಿಯುತ್ತಿರಲಿಲ್ಲ ಆಲ್ಟನ್. ಇನ್ನೊಂದು ಸಲ ಗುದ್ದಿದರೆ ಏನೋ ಆಗುತ್ತದೆಂದು ನನಗೆ ಗೊತ್ತಿತ್ತು. ಗೊತ್ತಿದ್ದೂ ಬಗ್ಗಿದೆ. ನೀನು ಅಂಗಿ ಹಿಡಿದಾಗ ಹೋಗೋ ಎಂದೆ, ಆದರೆ ನೀನು ಬಿಟ್ಟು ಹೋಗಿಬಿಟ್ಟರೆ ಎಂದು ಹೆದರಿದ್ದೆ. ಈಗಲೂ ಕನಸಿನಲ್ಲಿ ಒಮ್ಮೊಮ್ಮೆ ನೀನು ಬಿಟ್ಟು ಹೋಗುತ್ತೀಯ.

ನಾನು ಇನ್ನು ಆಡುವುದಿಲ್ಲ. ಎಡತುದಿ ಖಾಲಿ ಇದೆ. ನೀನು ಬಂದರೆ ಕೋಣೆಯಲ್ಲಿ ನಿನ್ನ ಹಾಸಿಗೆಯೂ ಹಾಗೇ ಇದೆ. ಬರದಿದ್ದರೆ ನಿನ್ನನ್ನು ಯಾರೂ ತಪ್ಪು ತಿಳಿಯುವುದಿಲ್ಲ. ಎರಡು ಸಾಲಾದರೂ ಬರೆ.

ಅಕ್ಷರ ಸೊಟ್ಟಗಿದ್ದರೆ ಕ್ಷಮಿಸು. ಬರೆಯುವಾಗ ಕಾಗದ ಜರುಗದಂತೆ ಒತ್ತಿ ಹಿಡಿಯಲು ಎಡಗೈಗೆ ಇನ್ನೂ ಆಗುವುದಿಲ್ಲ. ಅಮ್ಮ ಎದುರು ಕೂತು ಎರಡು ಬೆರಳಿನಿಂದ ಹಿಡಿದುಕೊಂಡಿದ್ದಾಳೆ. ನಾನು ಓದುತ್ತಿಲ್ಲ ಎನ್ನುತ್ತಾಳೆ. ಕಣ್ಣೊರೆಸಿಕೊಳ್ಳುತ್ತಿದ್ದಾಳೆ.

ರೋಲಂಡ್